ಕಾನಕಾನಹಳ್ಳಿಯ ದಂಡುದಾರಿ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವವರಿಗೆ ಬಹುಕಾಲದಿಂದಲೂ ಎರಡು ದಾರಿಗಳುಂಟು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹಾದು ನೆಟ್ಟಗೆ ಹೋಗುವ ರಾಜಮಾರ್ಗವೊಂದು. ಅದಕ್ಕೆ ದಕ್ಷಿಣದಲ್ಲಿ ಕನಕಪುರ, ಸಾತನೂರು, ಹಲಗೂರು, ಮಳವಳ್ಳಿಗಳ ಮೇಲೆ ಬಳಸಿಕೊಂಡು ಕಾವೇರಿಯ ಬಯಲಿಗಿಳಿಯುವ ದಾರಿ ಇನ್ನೊಂದು. ಮೊದಲನೆಯದು ಈಗ ಆರು ಪಥಗಳ ಭಾರಿ ಹೆದ್ದಾರಿಯಾಗಿದೆ. 2023ರ ಆಗಸ್ಟ್ 1ರಿಂದ ಅದರ ನಡುರಸ್ತೆಯ ಮೇಲೆ ಮೋಟಾರ್ ಸೈಕಲ್ಲುಗಳು ಕಾಲಿಡಕೂಡದೆಂದು ನಿಷೇಧವಾಗಿರುವುದರಿಂದ, ಭಾನುವಾರದ ಬೆಳಗ್ಗೆ ಗುಂಪು ಕಟ್ಟಿಕೊಂಡು ಶ್ರೀರಂಗಪಟ್ಟಣದ ರಣಭೂಮಿಯನ್ನು ನೋಡಲು ಹೊರಡುವ ಸವಾರರು ಒಂದೋ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಉಬ್ಬುಗಳನ್ನು ಎಣಿಸುತ್ತ ಹೋಗಬೇಕು, ಇಲ್ಲವೇ ಕನಕಪುರದ ದಾರಿಯನ್ನು ಹಿಡಿಯಬೇಕು. ಅವರಲ್ಲಿ ಅನೇಕರು ಎರಡನೆಯದನ್ನೇ ಹಿಡಿಯುತ್ತಾರೆ. ಟಿಪ್ಪು ಸುಲ್ತಾನನ ರಾಜಧಾನಿಯಾಗಿದ್ದ ಇದೇ ಶ್ರೀರಂಗಪಟ್ಟಣವನ್ನು ಗುರಿಯಾಗಿಟ್ಟುಕೊಂಡು ಬಂದ ಇಂಗ್ಲಿಷ್ ಸೇನಾಪತಿಗಳಲ್ಲಿ 1791ರಲ್ಲಿ ಕಾರ್ನ್‌ವಾಲಿಸನೂ 1799ರಲ್ಲಿ ಜನರಲ್ ಹ್ಯಾರಿಸನೂ ಹಿಡಿದ ದಾರಿಯೂ ಅದೇ ಎಂಬುದನ್ನೂ, ಅವರಿಬ್ಬರಿಗೂ ಮೊದಲನೆಯ ದಾರಿ ಮುಚ್ಚಿಹೋಗಿತ್ತೆಂಬುದನ್ನೂ ಈ ಸವಾರರಿಗೆ ಯಾರೂ ಹೇಳಿರುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನ ಬೆನ್ನ ಹಿಂದೆ ಕುಳಿತು ಅಂಥದೊಂದು ಸವಾರಿಗೆ ನಾನೂ ಹೋಗಿದ್ದೆನಾದುದರಿಂದ ಈ ಗುಂಪುಗಳ ನಡೆವಳಿಕೆಯನ್ನು ಕಣ್ಣಾರೆ ಕಂಡಿದ್ದೇನೆ. ವೈಟ್‌ಫೀಲ್ಡಿನ ಕಂಪ್ಯೂಟರ್ ಕಚೇರಿಗಳವರು, ಪೀಣ್ಯದ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಮುಂದೆ ವಾರವೆಲ್ಲ ನಿಲ್ಲುವವರು, ರಾತ್ರಿಪಾಳಿಯನ್ನು ಮುಗಿಸಿ ನಿದ್ದೆಯಿಲ್ಲದೆ ನೇರವಾಗಿ ಬಂದವರು—ಹೀಗೆ ನಾನಾ ಬಗೆಯವರು ಸೇರಿರುತ್ತಾರೆ. ಮುಂದೆ ಹೋಗುವವನು ‘ಲೀಡ್’, ಕಟ್ಟಕಡೆಗೆ ಬರುವವನು ‘ಸ್ವೀಪ್’. ಸ್ವೀಪನ್ನು ದಾಟಿ ಯಾರೂ ಹಿಂದುಳಿಯಕೂಡದು, ಲೀಡನ್ನು ದಾಟಿ ಯಾರೂ ಮುನ್ನುಗ್ಗಕೂಡದು. ಎಲ್ಲಿ ಪೆಟ್ರೋಲ್ ಹಾಕಿಸಬೇಕು, ಎಲ್ಲಿ ತಿಂಡಿ, ಯಾರ ಬಳಿ ಪಂಚರ್ ಕಿಟ್ ಇದೆ ಎಂಬ ವಿಚಾರಗಳು ಹಿಂದಿನ ರಾತ್ರಿಯೇ ಇತ್ಯರ್ಥವಾಗಿರುತ್ತವೆ. ನೈಸ್ ರಸ್ತೆಯಲ್ಲಿ ಬೆಳಗಿನ ಐದು ಗಂಟೆಗೆ ಮುಂಚೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ ಕಾರಣ, ಟೋಲ್ ಗೇಟಿನ ಬಳಿ ಎಂಜಿನ್ನುಗಳನ್ನು ಆರಿಸಿ ಗಡಿಯಾರ ನೋಡುತ್ತ ನಿಂತಿದ್ದ ಆ ತರುಣರ ಮಾತಿನಲ್ಲಿ ಶೌರ್ಯದ ವಿಚಾರಕ್ಕಿಂತ ಇಂಧನದ ಮತ್ತು ಇಡ್ಲಿಯ ವಿಚಾರವೇ ಹೆಚ್ಚಾಗಿತ್ತು. ಇದನ್ನು ನಾನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಈ ದಾರಿಯಲ್ಲಿ ನಡೆದ ಎರಡು ಮಹಾಯುದ್ಧಗಳ ನಿಜವಾದ ಕಥೆಯೂ ಖಡ್ಗದ ಕಥೆಯಲ್ಲ, ಮೇವಿನ ಕಥೆ. ಆ ಸೇನಾಪತಿಗಳು ಆ ಹುಡುಗರ ಮಾತನ್ನು ಕೇಳಿದ್ದರೆ ತಮ್ಮ ಡೇರೆಯ ಮಾತೇ ಎಂದು ಗುರುತಿಸುತ್ತಿದ್ದರು.

ರಣಭೂಮಿಯನ್ನು ನೋಡಲು ನೂರಾರು ಕಿಲೋಮೀಟರ್ ಹೋಗುವ ಈ ಜನ ತಮ್ಮ ಕಚೇರಿಯ ಮಗ್ಗುಲಲ್ಲೇ ಇರುವ ಬೇಗೂರನ್ನು ನೋಡದಿರುವುದು ನನಗೆ ವಿಚಿತ್ರವಾಗಿ ತೋರುತ್ತದೆ. ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. 890ರ ಸುಮಾರಿನದೆಂದು ವಿದ್ವಾಂಸರು ಹೇಳುವ ವೀರಗಲ್ಲೊಂದಿದೆ. ಗಂಗರ ಅಧಿಕಾರಿಯಾದ ನಾಗತ್ತರನ ಮನೆಗೆ ಸೇರಿದವರು ಬೆಂಗಳೂರಿನ ಕಾಳಗದಲ್ಲಿ ಕಾದಿ ಮಡಿದ ಸಂಗತಿಯನ್ನು ಅದು ತಿಳಿಸುತ್ತದೆ. ಕೆಂಪೇಗೌಡನಿಗಿಂತ ಆರು ಶತಮಾನಗಳಿಗೂ ಹಿಂದೆ ಬೆಂಗಳೂರು ಎಂಬ ಊರಿತ್ತೆಂಬುದಕ್ಕೆ ಈ ಕಲ್ಲು ಸಾಕ್ಷಿಯಾದುದರಿಂದ ಅದಕ್ಕೆ ಇತ್ತೀಚೆಗೆ ಖ್ಯಾತಿ ಬಂದಿದೆ. ಆದರೆ ಊರಿನ ಹೆಸರನ್ನು ನಮಗೆ ಉಳಿಸಿಕೊಟ್ಟುದು ಒಂದು ಸಾವು ಎಂಬುದನ್ನು ನೆನೆಯುವವರು ಕಡಮೆ. ಬೇಗೂರಿನಿಂದ ತಂದು ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿಟ್ಟಿರುವ ಇನ್ನೊಂದು ವೀರಗಲ್ಲು ಇದಕ್ಕಿಂತಲೂ ಸ್ವಾರಸ್ಯವಾದುದು. ಗಂಗರಾಜನಾದ ಎರೆಯಪ್ಪನ ಅಪ್ಪಣೆಯಂತೆ ಅಯ್ಯಪದೇವನಿಗೆ ನೆರವಾಗಿ ಹೋದ ನಾಗತ್ತರನು ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಆನೆಗಳ ನಡುವೆ ಹೋರಾಡಿ ಸತ್ತನೆಂದೂ, ಅದನ್ನು ಕೇಳಿದ ದೊರೆಯು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟನೆಂದೂ ಅದರ ಬರವಣಿಗೆ ಹೇಳುತ್ತದೆ. ಹಾಗೆ ಕೊಟ್ಟ ಊರುಗಳ ಪಟ್ಟಿಯಲ್ಲಿ ತೊವಗೂರು ಎಂಬುದೊಂದು. ಅದು ಇಂದಿನ ದೊಡ್ಡತೋಗೂರೇ ಇರಬೇಕೆಂದು ತೋರುತ್ತದೆ. ಆರ್. ಕೆ. ಬಾಳಿಗರ ಕಲ್ಪನೆಯಂತೆ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದುದು ಕೋನಪ್ಪನ ಅಗ್ರಹಾರ ಮತ್ತು ಅದೇ ದೊಡ್ಡತೋಗೂರಿನ 332 ಎಕರೆ ನೆಲದ ಮೇಲೆ. ಯುದ್ಧದಲ್ಲಿ ಸತ್ತವನ ಪದವಿಯೊಡನೆ ಕೈಬದಲಾದ ಊರಿನಲ್ಲಿ ಕುಳಿತು ನನ್ನ ಸೋದರಳಿಯ ಸಂಬಳ ಎಣಿಸುತ್ತಿದ್ದಾನೆಂದು ನಾನು ಹೇಳಿದಾಗ ಅವನು, “ಮಾವ, ಹೆಲ್ಮೆಟ್ ಬಕಲ್ ಹಾಕ್ಕೊಳ್ಳಿ” ಎಂದಷ್ಟೇ ಉತ್ತರ ಕೊಟ್ಟ.

ಇನ್ನು ದಂಡಿನ ವಿಚಾರ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನು ಮುಗಳಿ ಕಣಿವೆಯನ್ನೇರಿ, ಕೋಲಾರ ಹೊಸಕೋಟೆಗಳನ್ನು ಹಿಡಿದು, ಇಂದು ವೈಟ್‌ಫೀಲ್ಡಿನವರು ದಿನವೂ ಶಪಿಸುತ್ತ ಸಾಗುವ ಆ ಮೂಡಣ ದಿಕ್ಕಿನಿಂದಲೇ ಬೆಂಗಳೂರಿನ ಮುಂದೆ ಬಂದಿಳಿದನು. 7ರಂದು ಪೇಟೆ ಬಿದ್ದಿತು. 21ರ ರಾತ್ರಿ ಕೋಟೆ ಬಿದ್ದಿತು, ಕಿಲ್ಲೇದಾರ ಬಹದ್ದೂರ್ ಖಾನನು ಅದರೊಳಗೇ ಹೋರಾಡಿ ಮಡಿದನು. ಗೆದ್ದವನ ಕಷ್ಟ ಆರಂಭವಾದುದು ಆಮೇಲೆ. ಕೋಟೆಯನ್ನೊಡೆಯುವ ಭಾರಿ ತೋಪುಗಳನ್ನು ಎಳೆಯುವುದಕ್ಕೆ ಎತ್ತು ಬೇಕು. ಎತ್ತಿಗೆ ಹುಲ್ಲು ಬೇಕು. ಹುಲ್ಲನ್ನು ಟಿಪ್ಪುವಿನ ಕುದುರೆ ದಂಡು ಸುಟ್ಟಿತ್ತು. ಮೇ ತಿಂಗಳ ಮೊದಲಲ್ಲಿ ಅವನು ಹೊರಟಾಗ ಚನ್ನಪಟ್ಟಣದ ದಾರಿಯಲ್ಲಿ ರಾಮಗಿರಿ, ಶಿವಗಿರಿಗಳ ಆಸರೆಯಲ್ಲಿ ಟಿಪ್ಪು ನೆಲೆಸಿದ್ದನಾದ್ದರಿಂದ ದಂಡು ಕಾನಕಾನಹಳ್ಳಿಯ ಕಡೆಗೆ ತಿರುಗಿತು.

ಕಾನಕಾನಹಳ್ಳಿಯೇ ಇಂದಿನ ಕನಕಪುರ. ಅರ್ಕಾವತಿಯ ದಂಡೆಯ ಮೇಲಿನ ಈ ಊರಿನಲ್ಲಿ ಚನ್ನಪಟ್ಟಣದ ಜಗದೇವರಾಯನು ಕಟ್ಟಿಸಿದ್ದ ಕೋಟೆಯಿತ್ತು. ಶತ್ರುವಿಗೆ ಒಂದು ಹಿಡಿ ಕಾಳೂ ಸಿಕ್ಕಬಾರದೆಂದು ಟಿಪ್ಪು ಸುಲ್ತಾನನು ಈ ಊರನ್ನು ಎರಡು ಸಲ ಹಾಳುಗೆಡವಿದನೆಂದು ಹಳೆಯ ಗೆಜೆಟಿಯರು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುತ್ತದೆ. ಆ ಒಂದು ವಾಕ್ಯದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಯುದ್ಧನೀತಿಯ ದೃಷ್ಟಿಯಿಂದ ಅದು ಲೋಪವಿಲ್ಲದ ಉಪಾಯ. ಅದಕ್ಕಿಂತ ಒಳ್ಳೆಯ ಅಸ್ತ್ರ ಟಿಪ್ಪುವಿನ ಬತ್ತಳಿಕೆಯಲ್ಲಿ ಇರಲಿಲ್ಲವೆಂಬುದು ಮುಂದೆ ಸಿದ್ಧವಾಯಿತು. ಆದರೆ ಮುಂಗಾರಿನ ಬಿತ್ತನೆಗೆ ಹಗೇವಿನಲ್ಲಿಟ್ಟಿದ್ದ ರಾಗಿಯನ್ನೂ, ಬಣವೆಯ ಹುಲ್ಲನ್ನೂ, ಮನೆಯ ಸೂರನ್ನೂ ತಮ್ಮ ದೊರೆಯ ಸವಾರರೇ ಬಂದು ಸುಡುವುದನ್ನು ಕಂಡ, ಎಂಟು ವರ್ಷಗಳೊಳಗೆ ಎರಡು ಸಲ ಕಂಡ, ಆ ಒಕ್ಕಲುಮಕ್ಕಳು ಇದನ್ನು ಯಾವ ನೀತಿಯೆಂದು ಕರೆದರೋ ಯಾವ ಬಖೈರೂ ಬರೆದಿಲ್ಲ. ಶ್ರೀರಂಗಪಟ್ಟಣದಲ್ಲಿ ಸತ್ತ ಸಿಪಾಯಿಗಳಿಗೆ ಸ್ಮಾರಕಗಳಿವೆ. ಹಗೇವುಗಳಿಗೆ ಎಲ್ಲಿಯೂ ಇಲ್ಲ. ನಮ್ಮ ಗುಂಪು ತಿಂಡಿಗೆ ನಿಂತುದು ಇಲ್ಲಿಯೇ. ಹೋಟೆಲಿನ ಮಾಣಿ ಇಷ್ಟೊಂದು ಜಾಕೀಟುಗಳ ದಂಡನ್ನು ಕಂಡು ಒಳಗೆ ತಿರುಗಿ, “ಅಣ್ಣಾ, ಇನ್ನೊಂದು ಒಬ್ಬೆ ಇಡ್ಲಿ ಇಡಿ, ದಂಡು ಬಂದೈತೆ” ಎಂದು ಕೂಗಿದನು.

ಕಾರ್ನ್‌ವಾಲಿಸನ ದಂಡು ಇಲ್ಲಿಂದ ಮುಂದಕ್ಕೆ ಹೋದುದು ಹಸಿದುಕೊಂಡೇ. ಮೇ 13ಕ್ಕೆ ಕಾವೇರಿಯ ಮೇಲಿನ ಅರಕೆರೆಯನ್ನು ಮುಟ್ಟಿ, 15ರಂದು ಟಿಪ್ಪುವಿನೊಡನೆ ಕಾದಿ, ರಣರಂಗದಲ್ಲಿ ಗೆದ್ದಿತು. ಆ ಗೆಲುವಿನಿಂದ ಮೂರು ಕಾಸಿನ ಪ್ರಯೋಜನವೂ ಆಗಲಿಲ್ಲ. ಪಟ್ಟಣದ ಗೋಡೆಗಳು ಕಣ್ಣಿಗೆ ಕಾಣುತ್ತಿದ್ದವು. ತೋಪುಗಳನ್ನು ಎಳೆಯುವುದಕ್ಕೆ ಎತ್ತುಗಳಿರಲಿಲ್ಲ. ಸಿಪಾಯಿಗಳೇ ಹಗ್ಗ ಹಿಡಿದು ಕಣ್ಣಂಬಾಡಿಯವರೆಗೆ ಅವನ್ನು ಎಳೆದರು. ಕಡೆಗೆ ಅಲ್ಲಿ, ಕೋಟೆಯ ಮೇಲೆ ಒಂದು ಗುಂಡನ್ನೂ ಹಾರಿಸದ ಆ ಭಾರಿ ತೋಪುಗಳನ್ನು ತಾವೇ ಒಡೆದು ಹಾಕಿ, ಗುಂಡುಗಳನ್ನು ಚೆಲ್ಲಿ, ಮೇ 26ರಂದು ಬೆಂಗಳೂರಿನ ಕಡೆಗೆ ಹಿಂದಿರುಗಿದರು. ಅದೇ ದಿನ ದಾರಿಯಲ್ಲಿ ಎದುರಾದ ಕುದುರೆ ಸವಾರರನ್ನು ವೈರಿಗಳೆಂದು ಭಾವಿಸಿ ಗುಂಡು ಹಾರಿಸಲು ಸಿದ್ಧರಾದಾಗ, ಅವರು ಮಿತ್ರರಾದ ಮರಾಠರ ಮುಂಗಡ ದಂಡೆಂದು ತಿಳಿಯಿತು. ಹರಿಪಂತ ಫಡಕೆ, ಪರಶುರಾಮ ಭಾವೂ ಇವರ ಶಿಬಿರದ ಬಜಾರಿನಲ್ಲಿ ಬೇಕಾದುದೆಲ್ಲ ಇತ್ತು, ಬೆಲೆ ಮಾತ್ರ ಕೇಳುವಂತಿರಲಿಲ್ಲ. ಹತ್ತು ದಿನ ಮುಂಚೆ ಬಂದಿದ್ದರೆ ಚರಿತ್ರೆಯ ಗತಿ ಬೇರೆಯಾಗುತ್ತಿತ್ತೆಂದು ಆಂಗ್ಲ ಲೇಖಕರು ಹಲುಬುತ್ತಾರೆ. ಅವರ ಹಲುಬಾಟ ನಮಗೇಕೆ?

ಸೋಲಿನಿಂದ ಆ ಸೇನಾಪತಿ ಪಾಠ ಕಲಿತನೆಂಬುದನ್ನು ಮಾತ್ರ ಒಪ್ಪಬೇಕು. ಮುಂದಿನ ಎಂಟು ತಿಂಗಳು ಅವನು ಶ್ರೀರಂಗಪಟ್ಟಣದ ಕಡೆ ಸುಳಿಯದೆ ಹೊಸೂರು, ರಾಯಕೋಟೆ, ನಂದಿದುರ್ಗ, ಸಾವನದುರ್ಗಗಳನ್ನು ಒಂದೊಂದಾಗಿ ಹಿಡಿದು ಬೆನ್ನ ಹಿಂದಿನ ದಾರಿಯನ್ನು ಭದ್ರಮಾಡಿಕೊಂಡನು. ಅದಕ್ಕಿಂತ ಮುಖ್ಯವಾಗಿ, ಕ್ಯಾಪ್ಟನ್ ರೀಡನ ಮೂಲಕ ಲಂಬಾಣಿಗಳನ್ನು ಒಲಿಸಿಕೊಂಡನು. ಎತ್ತುಗಳ ಬೆನ್ನ ಮೇಲೆ ದವಸದ ಹೇರುಗಳನ್ನು ಹೊರಿಸಿಕೊಂಡು, ಹೆಂಡತಿ ಮಕ್ಕಳು ನಾಯಿಗಳೊಡನೆ ದೇಶದುದ್ದಕ್ಕೂ ನಡೆಯುತ್ತಿದ್ದ ಈ ತಾಂಡಾಗಳು ಯಾವ ರಾಜನ ಕಡೆಯವೂ ಅಲ್ಲ. ಬೆಲೆ ಕೊಟ್ಟವನಿಗೆ ಕಾಳು ಕೊಡುವುದು ಅವುಗಳ ಕುಲವೃತ್ತಿ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯವನ್ನು ಕಾರ್ನ್‌ವಾಲಿಸನು ಮುರಿದು, ಅರ್ಧರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಇಬ್ಬರು ರಾಜಕುಮಾರರ ಒತ್ತೆಯನ್ನೂ ಪಡೆದನೆಂಬುದು ಎಲ್ಲರೂ ಬಲ್ಲ ಕಥೆ. ಆ ರಾತ್ರಿಗೆ ದಾರಿ ಮಾಡಿಕೊಟ್ಟ ಲಂಬಾಣಿ ಎತ್ತಿನ ಹೆಸರು ಪಠ್ಯಪುಸ್ತಕದಲ್ಲಿ ಬರುವುದಿಲ್ಲ.

ಸಾತನೂರನ್ನು ದಾಟಿದ ಮೇಲೆ ರಸ್ತೆ ಕುರುಚಲು ಕಾಡಿನ ಗುಡ್ಡಗಳ ನಡುವೆ ಏರಿ ಇಳಿಯುತ್ತದೆ. ಅಲ್ಲಿ ಗುಂಪಿನಲ್ಲಿದ್ದ ಹಳೆಯ ಯೆಜ್ಡಿಯೊಂದು ಕೆಮ್ಮಿ ನಿಂತುಬಿಟ್ಟಿತು. ಸ್ವೀಪಿನವನೂ ನಿಂತ, ನಾವೂ ನಿಂತೆವು. ಪೀಣ್ಯದಿಂದ ಬಂದಿದ್ದ ಯುವಕನೊಬ್ಬ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಮಸಿ ಹಿಡಿದಿದ್ದ ಅದರ ತುದಿಯನ್ನು ಉಜ್ಜುವ ಕಾಗದದಿಂದ ತಿಕ್ಕಿ, ಮತ್ತೆ ಬಿಗಿದು, ಗೇರಿನ ಸನ್ನೆಯನ್ನೇ ಮೇಲಕ್ಕೆ ತಿರುಗಿಸಿ ಒದ್ದನು; ಈ ಯಂತ್ರದಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ. ಎರಡು ಸೈಲೆನ್ಸರುಗಳಿಂದಲೂ ಎಣ್ಣೆಯ ನೀಲಿ ಹೊಗೆ ಬಂದು ಎಂಜಿನ್ ಮಾತಾಡಿತು. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೊದಲು ಜಾವಾ ಎಂದೂ 1973ರಿಂದ ಯೆಜ್ಡಿ ಎಂದೂ ಹೆಸರು ಪಡೆದು ಹೊರಬರುತ್ತಿದ್ದ ಈ ಗಾಡಿಗಳು, ಕಾರ್ಖಾನೆ 1996ರಲ್ಲಿ ಮುಚ್ಚಿಹೋದ ಮೇಲೂ ಅಭಿಮಾನಿಗಳ ಆರೈಕೆಯಲ್ಲಿ ಬದುಕಿವೆ. ಶ್ರೀರಂಗಪಟ್ಟಣದ ನೆರೆಯಲ್ಲೇ ಹುಟ್ಟಿದ ಯಂತ್ರ ತವರಿನ ದಿಕ್ಕಿಗೆ ಹೋಗುವಾಗ ಮೊಂಡಾಟ ಮಾಡಿತೆಂದು ಹುಡುಗರು ನಕ್ಕರು.

ಟಿಪ್ಪುವಿನ ಕಾಲಕ್ಕೆ ಮೈಸೂರಿನ ಯಂತ್ರವೆಂದರೆ ಎತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಆರಂಭವಾಗಿ ಟಿಪ್ಪುವಿನಿಂದ ಅಮೃತ್ ಮಹಲ್ ಎಂಬ ಹೆಸರನ್ನು ಪಡೆದ ಇಲಾಖೆಯು ರಾಜ್ಯದಾದ್ಯಂತ ಕಾವಲುಗಳನ್ನಿಟ್ಟು ಸಾಕುತ್ತಿದ್ದ ಆ ಬೂದುಬಣ್ಣದ, ನೀಳವಾದ ಕೊಂಬಿನ, ಅಡಗಿಸಲಾರದ ಸಿಡುಕಿನ ಎತ್ತುಗಳ ಬಲದಿಂದಲೇ ಹೈದರಾಲಿಯು ಚಿದಂಬರದ ರಕ್ಷಣೆಗಾಗಿ ನೂರು ಮೈಲಿಯನ್ನು ಎರಡೂವರೆ ದಿನದಲ್ಲಿ ನಡೆದನೆಂದೂ, ಟಿಪ್ಪು ಒಂದೇ ತಿಂಗಳಿನಲ್ಲಿ ನಾಡಿನ ಒಂದು ಕರೆಯಿಂದ ಇನ್ನೊಂದು ಕರೆಗೆ ಹೋಗಿ ಬಿದನೂರನ್ನು ಮರಳಿ ಪಡೆದನೆಂದೂ ಗೆಜೆಟಿಯರು ಹೇಳುತ್ತದೆ. ಎದುರಾಳಿಗೆ ಅಂಥ ತಳಿಯಿರಲಿಲ್ಲ, ಇದ್ದುದು ಸಂಖ್ಯೆ. 1799ರ ಫೆಬ್ರವರಿ 14ರಂದು ವೇಲೂರಿನಿಂದ ಹೊರಟ ಹ್ಯಾರಿಸನ ಮತ್ತು ನಿಜಾಮನ ಕೂಡುದಂಡಿನಲ್ಲಿ ಲಕ್ಷಕ್ಕೂ ಮಿಕ್ಕ ಎತ್ತುಗಳಿದ್ದವು. ರಾಯಕೋಟೆ, ಕೆಳಮಂಗಲ, ಆನೇಕಲ್ಲುಗಳ ಮೇಲೆ, ಎಂದರೆ ಇಂದಿನ ಎಲೆಕ್ಟ್ರಾನಿಕ್ ಸಿಟಿಯ ತೆಂಕಣ ಅಂಚನ್ನು ಸವರಿಕೊಂಡು, ಆ ಜನಪ್ರವಾಹ ಬಂದಿತು. ಅದನ್ನು ನಿಲ್ಲಿಸಿದವರು ವೈರಿಗಳಲ್ಲ. ದಿನವೂ ನೂರಾರು ಎತ್ತುಗಳು ದಾರಿಯಲ್ಲೇ ಬಿದ್ದು ಸಾಯುತ್ತಿದ್ದುದರಿಂದ ಮದ್ದುಗುಂಡುಗಳನ್ನು ಬಿಟ್ಟು ಹೋಗಬೇಕಾಗಿ ಬಂದಿತು. ಆನೇಕಲ್ಲಿನ ಆಸುಪಾಸಿನಿಂದ ಶ್ರೀರಂಗಪಟ್ಟಣಕ್ಕೆ ಮುಟ್ಟಲು ಆ ಸೈನ್ಯಕ್ಕೆ ಮೂರು ವಾರ ಹಿಡಿಯಿತು. ಯೆಜ್ಡಿಯ ರಗಳೆಯನ್ನೂ ಸೇರಿಸಿ ನಾವು ಮಧ್ಯಾಹ್ನದೊಳಗೆ ಮುಟ್ಟಿದೆವು.

ಈ ಸಲ ಟಿಪ್ಪುವಿಗೆ ಒದಗಿದ್ದ ಒಳ್ಳೆಯ ಅವಕಾಶಗಳೆರಡು ಕೈತಪ್ಪಿದುವು. ಕೊಡಗಿನ ಅಂಚಿನ ಸಿದ್ದೇಶ್ವರದಲ್ಲಿ ಮಾರ್ಚ್ 6ರಂದು ಮುಂಬಯಿಯ ಸೈನ್ಯದ ಮೇಲೆ ಬಿದ್ದು ವಿಫಲನಾಗಿ ಹಿಂದಿರುಗಿದ ಅವನು ಮದ್ದೂರಿನ ಕಡೆ ನೆಲೆಸಿ, ಶಿಂಷೆಯ ದಂಡೆಯಲ್ಲಿ ಹ್ಯಾರಿಸನನ್ನು ತಡೆಯಬಹುದಾಗಿತ್ತು. ತಡೆಯದೆ ಮಳವಳ್ಳಿಯ ಬಯಲಿಗೆ ಸರಿದನು. 27ರಂದು ಅಲ್ಲಿ ನಡೆದ ಕಾಳಗದಲ್ಲಿ ಅವನ ಕಾಲಾಳುಗಳ ಒಂದು ತಂಡ ಆರ್ಥರ್ ವೆಲ್ಲೆಸ್ಲಿಯ 33ನೆಯ ರೆಜಿಮೆಂಟಿನ ಎದೆಗೆ ನೇರವಾಗಿ ನಡೆದುಬಂದಿತು. ಗುಂಡಿನ ಮಳೆಗೆ ಅದು ಚೆದರುತ್ತಿದ್ದಂತೆಯೇ ಫ್ಲಾಯ್ಡನ ಕುದುರೆ ದಂಡು ಬಂದು ಅದನ್ನು ತುಳಿಯಿತು. ಇಂದು ಅಲ್ಲಿ ಹಾದುಹೋಗುವವನಿಗೆ ಕಾಣುವುದು ಕಬ್ಬು, ಹಿಪ್ಪುನೇರಳೆ, ಕಬ್ಬು ತುಂಬಿದ ಟ್ರಾಕ್ಟರು. ಗುಂಪಿನಲ್ಲಿ ಯಾರೊಬ್ಬರೂ ನಿಲ್ಲೋಣವೆನ್ನಲಿಲ್ಲ. ಎರಡನೆಯ ಅವಕಾಶ ಹೋದುದು ಮೂರು ದಿನಗಳ ಮೇಲೆ. ಉತ್ತರದ ದಂಡೆಯಲ್ಲಿ ಹ್ಯಾರಿಸನು ನಡೆಯಬಹುದಾಗಿದ್ದ ದಾರಿಗಳಲ್ಲೆಲ್ಲ ಮೇವನ್ನು ಸುಟ್ಟು ಟಿಪ್ಪು ಕಾದಿದ್ದರೆ, ಆತನು ಸೋಸಲೆಯ ಬಳಿ ಕಾವೇರಿಯನ್ನು ದಾಟಿ ತೆಂಕಣ ದಂಡೆಯ ಸುಡದ ಹಳ್ಳಿಗಳಿಗೆ ಹೋಗಿಬಿಟ್ಟನು. ಆ ಹಳ್ಳಿಗಳ ದನವೂ ದವಸವೂ ಹುಲ್ಲೂ ಪಟ್ಟಣದ ಭವಿಷ್ಯವನ್ನು ಅದು ಬಿದ್ದ ಮೇ 4ಕ್ಕಿಂತ ಬಹಳ ಮುಂಚೆಯೇ ನಿರ್ಣಯಿಸಿದವೆಂಬುದು ನನ್ನ ಅಭಿಪ್ರಾಯ.

ಆದರೂ ತಕ್ಕಡಿ ಇನ್ನೂ ತೂಗಾಡುತ್ತಲೇ ಇತ್ತು. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಕತ್ತಲೆಯಲ್ಲಿ ವೆಲ್ಲೆಸ್ಲಿ ದಾರಿ ತಪ್ಪಿ, ತನ್ನ ಸಿಪಾಯಿಗಳನ್ನು ಕಳೆದುಕೊಂಡು ಹಿಂದಕ್ಕೆ ಬಂದನು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನನ್ನು ಅಂದು ಸೋಲಿಸಿದ್ದು ನಮ್ಮ ಒಂದು ಮರಗಳ ತೋಪು ಮತ್ತು ಒಂದು ಕಾಲುವೆ. ಏಪ್ರಿಲ್ ನಡುವಿನಲ್ಲಿ ಉಗ್ರಾಣವನ್ನು ಅಳೆದು ನೋಡಿದಾಗ, ಅರ್ಧಪಡಿಯಲ್ಲಿ ಉಂಡರೂ ಅಕ್ಕಿ ಮೂರು ವಾರಕ್ಕೆ ಸಾಲದೆಂದು ಹ್ಯಾರಿಸನಿಗೆ ಗೊತ್ತಾಯಿತು. ಜೂನಿನಲ್ಲಿ ಕಾವೇರಿಗೆ ಹೊಳೆ ಬಂದರೆ ಮುತ್ತಿಗೆ ತಾನಾಗಿಯೇ ಕೊಚ್ಚಿಹೋಗುತ್ತಿತ್ತು. ಮೇ 4ರ ನಡುಹಗಲಿನಲ್ಲಿ, ಕಾವಲಿನವರು ಉಣ್ಣುವ ಹೊತ್ತಿನಲ್ಲಿ, ಹ್ಯಾರಿಸನ ದಳಪತಿ ಬೇರ್ಡನು ಬತ್ತಿದ ಹೊಳೆಯನ್ನು ದಾಟಿ ಕೋಟೆಯ ಒಡಕಿನ ಮೇಲೆ ಏರಿದುದಕ್ಕೆ ಈ ಅವಸರವೇ ಕಾರಣ.

ಪಟ್ಟಣದಲ್ಲಿ ನಮ್ಮ ಸವಾರರು ಎಲ್ಲರೂ ನೋಡುವುದನ್ನೆಲ್ಲ ನೋಡಿದರು: ಟಿಪ್ಪುವಿನ ದೇಹ ದೊರೆತ ಸ್ಥಳ, ಕೋಟೆ ಒಡೆದ ಕಡೆ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಶಿಲಾಸ್ತಂಭ, ಗುಂಬಜ್. ದರಿಯಾ ದೌಲತ್ತಿನ ಪಡುವಣ ಗೋಡೆಯ ಮುಂದೆ ಮಾತ್ರ ಅವರು ಹೆಚ್ಚು ಹೊತ್ತು ನಿಂತರು. 1780ರ ಪೊಲ್ಲಿಲೂರಿನ ಕಾಳಗದ ಚಿತ್ರವದು: ನಡುವೆ ಚೌಕವಾಗಿ ನಿಂತ ಕೆಂಪಂಗಿಯವರು, ಪಲ್ಲಕ್ಕಿಯಲ್ಲಿ ಗಾಯಗೊಂಡ ಅವರ ದಳಪತಿ ಕರ್ನಲ್ ಬೇಲಿ, ಸಿಡಿದು ಚಿಮ್ಮುತ್ತಿರುವ ಮದ್ದಿನ ಬಂಡಿ, ಸುತ್ತಲೂ ಸಾಲುಸಾಲಾಗಿ ನುಗ್ಗುವ ಮೈಸೂರಿನ ಕುದುರೆಗಳು. ಆ ಮದ್ದಿನ ಬಂಡಿ ಸಿಡಿದುದೇ ಅಂದಿನ ಇಂಗ್ಲಿಷರ ಸೋಲಿಗೆ ಕಾರಣವಾಯಿತೆಂದು ಹೇಳುತ್ತಾರೆ. ಚಿತ್ರಕಾರನು ಅದನ್ನೇ ನಟ್ಟನಡುವೆ ಇಟ್ಟಿರುವುದು ಅವನ ತಿಳಿವಳಿಕೆಗೆ ಸಾಕ್ಷಿ. ಯುದ್ಧದಲ್ಲಿ ಯಾವುದು ಮುಖ್ಯವೆಂಬುದನ್ನು ಅವನು ಅನೇಕ ಚರಿತ್ರಕಾರರಿಗಿಂತ ಚೆನ್ನಾಗಿ ಬಲ್ಲ.

ಪಟ್ಟಣ ಬಿದ್ದ ಮೇಲೆ ಅಮೃತ್ ಮಹಲಿನ ಎತ್ತುಗಳು ಗೆದ್ದವರ ಕೈಸೇರಿದುವು. ಮರುವರ್ಷ ದಂಗೆಯೆದ್ದ ಧೋಂಡಿಯ ವಾಘನನ್ನು ತುಂಗಭದ್ರೆಯಾಚೆ ಬೆನ್ನಟ್ಟಿ, 1800ರ ಸೆಪ್ಟೆಂಬರಿನಲ್ಲಿ ಕೋಣಗಲ್ಲಿನಲ್ಲಿ ಕೊಂದಾಗ ವೆಲ್ಲೆಸ್ಲಿಯ ದಂಡಿಗೆ ಆ ವೇಗವನ್ನು ಕೊಟ್ಟುದು ಟಿಪ್ಪುವಿನ ತಳಿಯೇ. ಸ್ಪೇನಿನ ಯುದ್ಧಗಳಲ್ಲಿ ತೋಪುಗಳು ಕೆಸರಿನಲ್ಲಿ ಹೂತಾಗ ಆ ಎತ್ತುಗಳಿಲ್ಲವಲ್ಲಾ ಎಂದು ಅವನು ಹಲವು ಸಲ ಪರಿತಪಿಸಿದನಂತೆ. ಅವುಗಳ ಸಂತತಿಯನ್ನು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಸರ್ಕಾರಿ ತಳಿಕೇಂದ್ರದಲ್ಲಿ ಇಂದಿಗೂ ಸಾಕುತ್ತಿದ್ದಾರೆ. ಮುಂದಿನ ಸವಾರಿಯನ್ನು ಅಲ್ಲಿಗೇ ಇಟ್ಟುಕೊಳ್ಳಬಾರದೇಕೆಂದು ನಾನು ಸೂಚಿಸಿದಾಗ ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಲೀಡಿನವನು ಮೊಬೈಲನ್ನು ತೆಗೆದು, ಆ ದಾರಿಯಲ್ಲಿ ತಿಂಡಿಗೆ ಒಳ್ಳೆಯ ಹೋಟೆಲು ಎಲ್ಲಿದೆ, ಸರ್, ತಿಪಟೂರಿನಲ್ಲೋ ಕಡೂರಿನಲ್ಲೋ ಎಂದು ವಿಚಾರಿಸತೊಡಗಿದನು.